ಬಿಚ್ಚಲಾಗದ ಫೋನು, ಬಿಚ್ಚಿಕೊಳ್ಳುವ ಜೇಬು

ದೀಪಾಂಜಲಿ ನಗರದಲ್ಲಿ ಬೆಳಿಗ್ಗೆ ಮಿಕ್ಸಿ ಕೆಟ್ಟರೆ ಸಂಜೆಯೊಳಗೆ ಚಟ್ನಿ ರುಬ್ಬಬಹುದು. ಜಾರಿನ ತಳದ ಕಪ್ಲರು ಸವೆದಿದ್ದರೆ ಮೂಲೆ ಅಂಗಡಿಯಾತ ಹತ್ತು ನಿಮಿಷದಲ್ಲಿ ಹಳೆಯದನ್ನು ತಿರುಗಿಸಿ ತೆಗೆದು ಹೊಸದು ಕೂರಿಸುತ್ತಾನೆ. ಫ್ಯಾನು ನಿಧಾನವಾದರೆ ಕೆಪಾಸಿಟರ್ ಬದಲಾಯಿಸುತ್ತಾನೆ. ಕುಕ್ಕರಿನ ಗ್ಯಾಸ್ಕೆಟ್ಟು, ಇಸ್ತ್ರಿಪೆಟ್ಟಿಗೆಯ ಎಲಿಮೆಂಟು, ಎಲ್ಲಕ್ಕೂ ಮದ್ದುಂಟು. ಅದೇ ಮನೆಯ ಮೊಬೈಲು ಕೆಟ್ಟಿತೋ, ಕಥೆ ಮುಗಿಯಿತು. "ಹೊಸದೇ ತಗೊಂಡ್ಬಿಡಿ ಸಾರ್, ಇದಕ್ಕೆ ಖರ್ಚು ಮಾಡೋದು ವೇಸ್ಟು." ಈ ಮಾತು ಕೇಳದ ಮನೆ ಮೈಸೂರು ರಸ್ತೆಯ ಆಚೀಚೆ ಎಲ್ಲಾದರೂ ಇದ್ದರೆ ಅದು ಮೊಬೈಲೇ ಇಲ್ಲದ ಮನೆಯಾಗಿರಬೇಕು.

ಹೋಗಲಿ, ತಿಳಿಯದವರಿಗೆ ಟೋಪಿ ಹಾಕ್ತಾರೆ ಅಂದುಕೊಳ್ಳೋಣ. ತಿಳಿದವರ ಪಾಡೇನು? ಇದೇ ಬಡಾವಣೆಯ ಅಡ್ಡರಸ್ತೆಯ ಒಬ್ಬ ಇಂಜಿನಿಯರನ್ನು ತೆಗೆದುಕೊಳ್ಳಿ. ಹೆಸರು ಬೇಡ, ಇಂಥವರು ಈಗ ಬೀದಿಗಿಬ್ಬರು ಸಿಗುತ್ತಾರೆ. ಎಲೆಕ್ಟ್ರಾನಿಕ್ಸ್ ಓದಿದವರು. ವರ್ಷಾನುಗಟ್ಟಲೆಯಿಂದ ಸರ್ಕ್ಯೂಟ್ ಬೋರ್ಡಿನ ವಿನ್ಯಾಸವೇ ಅವರ ಕಸುಬು. ಬೆಸುಗೆ ಕಡ್ಡಿ ಹಿಡಿಯಲು ಬರುತ್ತದೆ, ಮೀಟರು ಇಟ್ಟು ಎಲ್ಲಿ ಕರೆಂಟು ನಿಂತಿದೆ ಎಂದು ನೋಡಲು ಬರುತ್ತದೆ. ಆದರೆ ಅವರ ಮನೆಯ ಅಟ್ಟ ಹತ್ತಿ ನೋಡಿದರೆ ಇದು ಇಂಜಿನಿಯರ ಮನೆಯೋ ಗುಜರಿ ಅಂಗಡಿಯೋ ಅನ್ನಿಸಬೇಕು.

ಎರಡು ವರ್ಷಕ್ಕೇ ಕಿವುಡಾದ ವೈರಿಲ್ಲದ ಇಯರ್‌ಫೋನು ಅಲ್ಲಿದೆ. ಅದರೊಳಗಿನ ಬ್ಯಾಟರಿ ಕಡಲೆಕಾಳಿನಷ್ಟು. ಅದನ್ನು ಬದಲಾಯಿಸಬೇಕಾದರೆ ಇಯರ್‌ಫೋನನ್ನೇ ಒಡೆಯಬೇಕು. ಮಣಿಕಟ್ಟಿಗೆ ಕಟ್ಟುವ ವಾಚು ಇದೆ, ಅದು ಹೃದಯದ ಬಡಿತ ಎಣಿಸುತ್ತದೆ, ಹೆಜ್ಜೆ ಎಣಿಸುತ್ತದೆ. ಈಗ ಚಾರ್ಜರ್ ಸಿಗದೆ ಟೈಮನ್ನೂ ತೋರಿಸುತ್ತಿಲ್ಲ. ವಾಷಿಂಗ್ ಮೆಷಿನ್ನಿನ ಬೋರ್ಡಿನಲ್ಲಿ ಒಂದು ರಿಲೇ ಕೆಟ್ಟಿತ್ತು. ರಿಲೇ ಅನ್ನೋದು ಎಸ್.ಪಿ. ರೋಡಿನಲ್ಲಿ ಒಂದು ಕಾಫಿ ತಿಂಡಿಯ ದುಡ್ಡಿಗೆ ಸಿಗುವ ಸಾಮಾನು. ಬಂದ ಮೆಕ್ಯಾನಿಕ್ಕು ರಿಲೇ ಕಡೆ ನೋಡಲೇ ಇಲ್ಲ. "ಬೋರ್ಡೇ ಚೇಂಜ್ ಆಗ್ಬೇಕು ಸಾರ್" ಅಂದ. ಬೋರ್ಡಿನ ಮೇಲೆಲ್ಲ ನೀರು ತಾಗದಿರಲಿ ಎಂದು ಅಂಟು ಸುರಿದಿರುತ್ತಾರೆ. ರಿಲೇ ಕೀಳಬೇಕಾದರೆ ಮೊದಲು ಆ ಅಂಟನ್ನು ಕೆರೆಯುತ್ತಾ ಒಂದು ಭಾನುವಾರ ಕಳೆಯಬೇಕು. ಇಂಜಿನಿಯರು ಕೆರೆದರು ಅನ್ನಿ. ಮೆಷಿನ್ನು ತಿರುಗಿತು. ಆದರೆ ಎಲ್ಲರ ಮನೆಯಲ್ಲೂ ಇಂಜಿನಿಯರು ಇರುವುದಿಲ್ಲವಲ್ಲ!

ಫೋನಿನ ಮುಂದೆ ಮಾತ್ರ ಈ ಮಹಾಶಯರೂ ಸೋತರು. ಫೋನಿನ ಬೆನ್ನು ಉಬ್ಬಿಕೊಂಡಿತ್ತು. ಏಕೆ ಉಬ್ಬಿದೆ ಎಂಬುದು ಅವರಿಗೆ ಗೊತ್ತು. ಹಳತಾದ ಲಿಥಿಯಂ ಬ್ಯಾಟರಿಯ ಒಳಗಿನ ರಾಸಾಯನಿಕ ಕೆಟ್ಟು ಅನಿಲವಾಗುತ್ತದೆ, ಚೀಲ ಉಬ್ಬುತ್ತದೆ. ಅದನ್ನು ಚುಚ್ಚಬಾರದು, ಒತ್ತಬಾರದು, ಬೆಂಕಿ ಹತ್ತೀತು. ಬ್ಯಾಟರಿ ಬದಲಾಯಿಸಿದರೆ ಫೋನು ಇನ್ನೆರಡು ವರ್ಷ ಓಡುತ್ತದೆ ಎಂಬುದೂ ಗೊತ್ತು. ಆದರೆ ಬದಲಾಯಿಸುವುದು ಹೇಗೆ? ಬೆನ್ನಿನ ಗಾಜನ್ನು ಅಂಟಿಸಿದ್ದಾರೆ, ಬಿಸಿ ಕೊಟ್ಟು ಸಡಿಲಿಸಬೇಕು. ಒಳಗಿನ ಬ್ಯಾಟರಿಯನ್ನೂ ಅಂಟಿಸಿದ್ದಾರೆ. ಸ್ಕ್ರೂಗಳ ತಲೆ ಮಾಮೂಲಿ ಸ್ಕ್ರೂಡ್ರೈವರಿಗೆ ಸಿಗುವ ಆಕಾರವಲ್ಲ. ಇಷ್ಟೆಲ್ಲ ಗೆದ್ದರೂ ಅಸಲಿ ಬ್ಯಾಟರಿ ಬಿಡಿಯಾಗಿ ಅಂಗಡಿಯಲ್ಲಿ ಸಿಗುವುದಿಲ್ಲ.

ಸರಿ, ಕಂಪನಿಯ ಸರ್ವಿಸ್ ಸೆಂಟರಿಗೆ ಹೋದರು. ಟೋಕನ್ನು ತೆಗೆದುಕೊಂಡು ಒಂದೂವರೆ ಗಂಟೆ ಕೂತರು. ಕೌಂಟರಿನ ಹುಡುಗಿ ಒಂದು ಕಾಗದ ಮುಂದಿಟ್ಟಳು. ಬಿಚ್ಚುವಾಗ ಡಿಸ್‌ಪ್ಲೇ ಹೋದರೆ ಗ್ರಾಹಕರದೇ ಹೊಣೆ, ಡೇಟಾ ಹೋದರೂ ಗ್ರಾಹಕರದೇ ಹೊಣೆ, ಇಲ್ಲಿ ಸೈನ್ ಮಾಡಿ. ಖರ್ಚೆಷ್ಟು ಎಂದರೆ ಆ ಫೋನಿನ ಈಗಿನ ಬೆಲೆಯ ಅರ್ಧದ ಹತ್ತಿರ. ಮನೆಗೆ ಬಂದು ಈ ಕಥೆ ಹೇಳಿದ್ದಕ್ಕೆ ಅವರ ತಾಯಿ, "ಏನೋ, ನಿನ್ನ ಇಂಜಿನಿಯರಿಂಗ್ ಓದಿಸಿದ್ದು ಇದಕ್ಕೇನೋ?" ಅಂದರಂತೆ. ಪಾಪ, ಮಗನ ತಪ್ಪೇನೂ ಇಲ್ಲ. ಓದಿದವನ ಕೈಗೂ ಸಿಗಬಾರದು ಎಂದೇ ಆ ಸಾಮಾನನ್ನು ಹಾಗೆ ಮುಚ್ಚಿರುವುದು.

ಈ ಮಾತು ದೀಪಾಂಜಲಿ ನಗರದಲ್ಲಿ ನಡೆಯುತ್ತಿದೆ ಅನ್ನೋದೇ ವಿಪರ್ಯಾಸ. ಈ ಸುತ್ತಿನ ಊರು ಕರೆಂಟಿನ ಕಸುಬಿನಿಂದಲೇ ಬೆಳೆದದ್ದು. ಮೈಸೂರು ಸಂಸ್ಥಾನದ ಸರ್ಕಾರ 1933ರಲ್ಲಿ ಶುರು ಮಾಡಿದ ಗೌರ್ಮೆಂಟ್ ಎಲೆಕ್ಟ್ರಿಕ್ ಫ್ಯಾಕ್ಟರಿಯೇ ಇವತ್ತಿನ ಕವಿಕಾ. ಮೈಸೂರು ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವವರೆಲ್ಲ ಅದರ ಬೋರ್ಡು ನೋಡಿರುತ್ತಾರೆ. ಹಳ್ಳಿಹಳ್ಳಿಯ ಕಂಬದ ಮೇಲೆ ಕೂತ ಟ್ರಾನ್ಸ್‌ಫಾರ್ಮರುಗಳು ಅಲ್ಲಿಂದ ಹೋದವು. ಅದೇ ರಸ್ತೆಯಲ್ಲಿ ರೆಮ್ಕೊ ಇತ್ತು. ರೇಡಿಯೋ ಮಾಡುತ್ತಿತ್ತು, ಮನೆಮನೆಯ ಗೋಡೆಯ ಕರೆಂಟು ಮೀಟರು ಮಾಡುತ್ತಿತ್ತು. 1970ರ ದಶಕದಲ್ಲಿ ಅದು ಬಿ.ಎಚ್.ಇ.ಎಲ್. ಪಾಲಾಗಿ ಎಲೆಕ್ಟ್ರಾನಿಕ್ಸ್ ವಿಭಾಗವಾಯಿತು. ಕಂಪನಿ ಹೋದರೂ ಹೆಸರು ಬಡಾವಣೆಗಳಲ್ಲಿ ಉಳಿದಿದೆ. ವಿಜಯನಗರದ ಆಟೋದವನಿಗೆ ರೆಮ್ಕೊ ಲೇಔಟ್ ಅಂದರೆ ಸಾಕು, ಕರೆದುಕೊಂಡು ಹೋಗುತ್ತಾನೆ.

ಈ ಕಾರ್ಖಾನೆಗಳಲ್ಲಿ ಶಿಫ್ಟು ಮುಗಿಸಿ ಮನೆಗೆ ಬರುತ್ತಿದ್ದ ಫಿಟ್ಟರು, ವೈಂಡರುಗಳು ಸಂಜೆ ಹೊತ್ತು ನೆರೆಮನೆಯ ರೇಡಿಯೋ, ಮೋಟಾರು ನೋಡಿಕೊಡುತ್ತಿದ್ದ ಕಾಲ ಒಂದಿತ್ತು. ಆಗಿನ ರೇಡಿಯೋಗೆ ಪೋಸ್ಟಾಫೀಸಿನಲ್ಲಿ ಲೈಸೆನ್ಸು ಮಾಡಿಸಬೇಕಿತ್ತು ನಿಜ, ಸರ್ಕಾರದ ಕಾಟ ಆಗಲೂ ಇತ್ತು. ಆದರೆ ಎಷ್ಟೋ ರೇಡಿಯೋಗಳ ಹಿಂಬದಿಯ ರಟ್ಟಿನ ಒಳಮೈಗೆ ಸರ್ಕ್ಯೂಟಿನ ನಕ್ಷೆ ಅಂಟಿಸಿ ಕೊಡುತ್ತಿದ್ದರು. ಯಾರಿಗಾದರೂ ರಿಪೇರಿಗೆ ಬೇಕಾದೀತು ಎಂದು! ಇವತ್ತಿನ ಫೋನಿನ ನಕ್ಷೆ ಕೇಳಿದರೆ ಕಂಪನಿಯವರು ಅದನ್ನು ಗುಟ್ಟಿನ ದಸ್ತಾವೇಜು ಅನ್ನುತ್ತಾರೆ.

ಆಮೇಲಿನ ಮಾತೂ ಬಹಳ ಹಳೆಯದಲ್ಲ. ಈ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ಜ್ಯೋತಿ ಬಸು ದೆಹಲಿಯ ಸುಖರಾಂ ಅವರಿಗೆ ಮಾಡಿದ್ದು. ಅದಾದ ಮೇಲೆ ಹತ್ತು ಹದಿನೈದು ವರ್ಷ ಮಾರುಕಟ್ಟೆಗೆ ಬಂದ ಫೋನುಗಳ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿದರೆ ತೆರೆದುಕೊಳ್ಳುತ್ತಿತ್ತು. ನೋಕಿಯಾದ ಬಿ.ಎಲ್.-5ಸಿ ಬ್ಯಾಟರಿ ಬೀಡಿ ಅಂಗಡಿಯಲ್ಲೂ ಸಿಗುತ್ತಿತ್ತು. 2007ರಲ್ಲಿ ಅದೇ ಬ್ಯಾಟರಿಯ ಒಂದು ತಂಡದಲ್ಲಿ ದೋಷ ಕಂಡು ನೋಕಿಯಾ 4 ಕೋಟಿ 60 ಲಕ್ಷ ಬ್ಯಾಟರಿಗಳ ಬಗ್ಗೆ ಎಚ್ಚರಿಕೆ ಕೊಟ್ಟು ಬದಲಿ ಕೊಡುವುದಾಗಿ ಹೇಳಿತು. ಜನ ನಂಬರು ನೋಡಿಕೊಂಡರು, ಬ್ಯಾಟರಿ ತೆಗೆದರು, ಬದಲಾಯಿಸಿಕೊಂಡರು. ಈಗ ಅಂಥದೇ ಆದರೆ ಇಡೀ ಫೋನನ್ನೇ ಹೊತ್ತುಕೊಂಡು ಸರ್ವಿಸ್ ಸೆಂಟರಿನ ಕ್ಯೂ ನಿಲ್ಲಬೇಕು.

ಬ್ಯಾಟರಿ ಅನ್ನೋದು ಬೂಟಿನ ಅಟ್ಟೆ ಇದ್ದ ಹಾಗೆ, ಸವೆಯಲೆಂದೇ ಇರುವ ವಸ್ತು. ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬಿದರೆ ಒಂದು ಸುತ್ತು. ಇಂಥ ಕೆಲವು ನೂರು ಸುತ್ತು ಕಳೆದ ಮೇಲೆ ಹೊಸದರಲ್ಲಿ ಹಿಡಿಯುತ್ತಿದ್ದಷ್ಟು ಚಾರ್ಜು ಹಿಡಿಯುವುದಿಲ್ಲ. ದಿನಕ್ಕೊಂದು ಸುತ್ತು ಎಂದು ಲೆಕ್ಕ ಹಾಕಿ, ಎರಡು ಎರಡೂವರೆ ವರ್ಷಕ್ಕೆ ಸಂಜೆ ಐದು ಗಂಟೆಗೇ ಫೋನು ಆಕಳಿಸುವುದೇಕೆ ಎಂದು ಗೊತ್ತಾಗುತ್ತದೆ. ಬಿಸಿಲು ಬಿದ್ದರೆ ಇನ್ನೂ ಬೇಗ. ಹ್ಯಾಂಡಲಿಗೆ ಫೋನು ಸಿಕ್ಕಿಸಿಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಊಟ ಹಂಚುವ ಹುಡುಗರು, ಆಟೋದವರು ಇದನ್ನು ಯಾವ ಪುಸ್ತಕವೂ ಓದದೆ ತಿಳಿದಿದ್ದಾರೆ. ಸವೆಯುವ ಅಟ್ಟೆಯನ್ನು ಬದಲಾಯಿಸಲಾಗದ ಬೂಟು ಮಾರಿದರೆ ಚಮ್ಮಾರನನ್ನು ಯಾರಾದರೂ ಸುಮ್ಮನೆ ಬಿಡುತ್ತಾರೆಯೇ? ಸಾವಿರಾರು ಕೋಟಿಯ ಕಂಪನಿಯನ್ನು ಮಾತ್ರ ಬಿಟ್ಟಿದ್ದೇವೆ.

ಇನ್ನೊಂದು ಕೈಚಳಕ ಇದೆ. ಆಪಲ್ ಕಂಪನಿ 2017ರ ಡಿಸೆಂಬರಿನಲ್ಲಿ ಒಂದು ಸತ್ಯ ಒಪ್ಪಿಕೊಂಡಿತು. ಬ್ಯಾಟರಿ ಹಳತಾದ ಐಫೋನುಗಳ ವೇಗವನ್ನು ಸಾಫ್ಟ್‌ವೇರಿನ ಮೂಲಕ ತಾನೇ ಕಡಿಮೆ ಮಾಡುತ್ತಿದ್ದುದು ನಿಜ, ಫೋನು ಇದ್ದಕ್ಕಿದ್ದಂತೆ ಆರಿಹೋಗದಿರಲಿ ಎಂದು ಹೀಗೆ ಮಾಡಿದೆವು ಎಂದಿತು. ಕಾರಣ ಸರಿಯೇ ಇರಬಹುದು. ಗ್ರಾಹಕನಿಗೆ ಹೇಳಲಿಲ್ಲ ಏಕೆ? ಫೋನು ನಿಧಾನವಾಯಿತು, ಹಳತಾಯಿತು, ಹೊಸದು ಬೇಕು ಎಂದು ಎಷ್ಟು ಜನ ಅಂಗಡಿಗೆ ಓಡಿದರೋ. ಬ್ಯಾಟರಿ ಬದಲಾಯಿಸಿದ್ದರೆ ಸಾಕಿತ್ತು. ಫ್ರಾನ್ಸಿನ ಸರ್ಕಾರ ಸುಮ್ಮನಿರಲಿಲ್ಲ, 2020ರಲ್ಲಿ ಇದೇ ವಿಷಯಕ್ಕೆ ಎರಡೂವರೆ ಕೋಟಿ ಯೂರೋ ದಂಡ ಹಾಕಿತು.

ಬಿಡಿಭಾಗಕ್ಕೂ ಈಗ ಜಾತಕ ಕೂಡಬೇಕು. ಕೆಲವು ಕಂಪನಿಗಳು ಡಿಸ್‌ಪ್ಲೇ, ಬ್ಯಾಟರಿ, ಕ್ಯಾಮೆರಾಗಳ ನಂಬರನ್ನು ಫೋನಿನ ಬೋರ್ಡಿಗೆ ಗಂಟು ಹಾಕಿರುತ್ತವೆ. ಅದೇ ಮಾದರಿಯ ಇನ್ನೊಂದು ಫೋನಿನಿಂದ ತೆಗೆದ ಅಸಲಿ ಭಾಗವನ್ನೇ ಹಾಕಿದರೂ ಫೋನು ಗುರುಗುಡುತ್ತದೆ. ಅಸಲಿ ಭಾಗವೆಂದು ಗೊತ್ತಾಗುತ್ತಿಲ್ಲ ಎಂದು ಎಚ್ಚರಿಕೆ ಹಾಕುತ್ತದೆ, ಕೆಲವು ಸೌಲಭ್ಯ ನಿಲ್ಲಿಸುತ್ತದೆ. ಗಂಟು ಬಿಡಿಸುವ ಸಾಫ್ಟ್‌ವೇರು ಕಂಪನಿಯ ಕೈಯಲ್ಲಿ. ನ್ಯಾಷನಲ್ ಮಾರ್ಕೆಟ್ಟಿನಲ್ಲಿ, ಎಸ್.ಪಿ. ರೋಡಿನಲ್ಲಿ, ವಿಜಯನಗರದ ಸಂದಿಗಳಲ್ಲಿ ಭೂತಗನ್ನಡಿ ಇಟ್ಟುಕೊಂಡು ಕೂದಲೆಳೆಯಷ್ಟು ತಂತಿಗೆ ಬೆಸುಗೆ ಹಾಕುವ ಹುಡುಗರಿದ್ದಾರೆ. ಅವರ ಕೈಗೆ ಯಾವ ಡಿಗ್ರಿಯೂ ಬೇಕಿಲ್ಲ. ಅಂಥವರನ್ನು ಕಟ್ಟಿಹಾಕಿರುವುದು ವಿದ್ಯೆಯ ಕೊರತೆಯಲ್ಲ, ಈ ಬೀಗ.

ಇದರಲ್ಲಿ ಅಂಗಡಿಯವರಿಗೆ, ಬಸ್ಸಿನವರಿಗೆ ಏನು ಸಂಬಂಧ ಅನ್ನುತ್ತೀರಾ? ಇದ್ದದ್ದೇ ಅವರಿಗೆ. ದೊಡ್ಡ ಸಂಬಳದವನ ಫೋನು ಕೆಟ್ಟರೆ ಮನೆಯಲ್ಲಿ ಇನ್ನೊಂದು ಇರುತ್ತದೆ. ದಿನಸಿ ಅಂಗಡಿಯ ಶೆಟ್ಟರದು ಒಂದೇ ಫೋನು. ಬ್ಯಾಂಕು ಅದರಲ್ಲೇ, ಮಾಲು ತರಿಸುವ ಆರ್ಡರು ಅದರಲ್ಲೇ, ಸಾಲದವರ ಪಟ್ಟಿಯೂ ಅದರಲ್ಲೇ. ಕೌಂಟರಿನ ಮೇಲೆ ಕೂತು "ಇಪ್ಪತ್ತು ರೂಪಾಯಿ ಬಂದಿದೆ" ಎಂದು ಕೂಗುವ ಪೆಟ್ಟಿಗೆಯೂ ಎಷ್ಟೋ ಕಡೆ ಬಾಡಿಗೆಯದು, ತಿಂಗಳು ತಿಂಗಳು ಕಟ್ಟಬೇಕು. ಯುಪಿಐ 2016ರಲ್ಲಿ ಬಂದಾಗ ಚಿಲ್ಲರೆಯ ಜಗಳ ತಪ್ಪಿತು ಎಂದು ಖುಷಿಪಟ್ಟವರು ಇವರೇ. ಅದೇ ಲೆಕ್ಕ ಹಿಡಿದು 2025ರ ಜುಲೈನಲ್ಲಿ ತೆರಿಗೆ ಇಲಾಖೆಯ ನೋಟೀಸು ಬಂದಾಗ ಕ್ಯೂಆರ್ ಕಿತ್ತು "ಕ್ಯಾಷ್ ಮಾತ್ರ" ಎಂದು ಬೋರ್ಡು ಹಾಕಿದವರಲ್ಲೂ ಇವರಿದ್ದರು. ಆ ಗಲಾಟೆ ಬೇರೆ. ಒಟ್ಟಿನಲ್ಲಿ ಶೆಟ್ಟರ ಗಲ್ಲಾಪೆಟ್ಟಿಗೆ ಇವತ್ತು ಅರ್ಧ ಮರದ್ದು, ಅರ್ಧ ಗಾಜಿನದು. ಮರದ ಪೆಟ್ಟಿಗೆಯ ಬೀಗ ಕೆಟ್ಟರೆ ಬಡಗಿ ಇದ್ದಾನೆ.

ಬಸ್ಸು, ಮೆಟ್ರೋದವರ ಕಥೆಯೂ ಅಷ್ಟೇ. ದೀಪಾಂಜಲಿ ನಗರಕ್ಕೆ 2015ರಲ್ಲಿ ಮೆಟ್ರೋ ಬಂತು. 2022ರ ನವೆಂಬರಿನಿಂದ ಫೋನಿನಲ್ಲೇ ಕ್ಯೂಆರ್ ಟಿಕೆಟ್ಟೂ ಬಂತು. ಸಂಜೆ ಆರೂವರೆಗೆ ಮೆಜೆಸ್ಟಿಕ್ಕಿನಲ್ಲಿ ಟಿಕೆಟ್ ತೆಗೆದುಕೊಂಡು, ಇಳಿಯುವ ನಿಲ್ದಾಣದ ಗೇಟಿನ ಮುಂದೆ ಫೋನು ಆರಿಹೋಗಿ ನಿಂತವರ ಮುಖ ನೋಡಿ. ತಪ್ಪು ಯಾರದ್ದೂ ಅಲ್ಲ ಎಂಬಂತೆ ಸಿಬ್ಬಂದಿ ನೋಡುತ್ತಾರೆ, ಹಿಂದಿನವರು ಗೊಣಗುತ್ತಾರೆ. ಬ್ಯಾಗಿನಲ್ಲಿ ಇಟ್ಟಿಗೆಯಂಥ ಪವರ್ ಬ್ಯಾಂಕು ಹೊತ್ತು ತಿರುಗುವವರು ಎಷ್ಟು ಜನ! ಸವೆದ ಬ್ಯಾಟರಿ ಬದಲಾಯಿಸಲಾಗದೆ ಇನ್ನೊಂದು ಬ್ಯಾಟರಿ ಕೊಂಡು ಹೊರುವುದು, ಇದಕ್ಕಿಂತ ಮೂರ್ಖತನ ಇದೆಯೇ? ಆದರೆ ಬೇರೆ ದಾರಿ ಬಿಟ್ಟಿಲ್ಲವಲ್ಲ.

ಕೆಡದೆಯೇ ಸಾಯುವ ಫೋನುಗಳದು ಮತ್ತೊಂದು ಗೋಳು. ಪರದೆ ಚೆನ್ನಾಗಿದೆ, ಬ್ಯಾಟರಿ ಚೆನ್ನಾಗಿದೆ, ಮಾತು ಕೇಳುತ್ತದೆ. ಒಂದು ದಿನ ಬ್ಯಾಂಕಿನ ಆ್ಯಪ್ ತೆರೆದರೆ, ಈ ಫೋನಿನ ಸಾಫ್ಟ್‌ವೇರು ಹಳತಾಗಿದೆ, ಇದರಲ್ಲಿ ನಡೆಯುವುದಿಲ್ಲ ಎಂದು ಬರುತ್ತದೆ. ಅಪ್‌ಡೇಟ್ ಮಾಡೋಣ ಎಂದರೆ ಕಂಪನಿ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದೆ. ಬ್ಯಾಂಕಿನವರನ್ನು ಬೈದು ಫಲವಿಲ್ಲ, ಭದ್ರತೆಯ ತೂತು ಮುಚ್ಚದ ಫೋನಿನಲ್ಲಿ ದುಡ್ಡಿನ ವ್ಯವಹಾರ ಅಪಾಯವೇ. ಆದರೆ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೇವೆ ಎಂದು ಮಾರುವಾಗ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕಬಾರದೇ? ಬಿಸ್ಕತ್ತಿನ ಪೊಟ್ಟಣದ ಮೇಲೆ ಯಾವ ತಿಂಗಳವರೆಗೆ ತಿನ್ನಬಹುದು ಎಂದು ಹಾಕಬೇಕೆಂಬ ಕಾನೂನಿದೆ. ಇಪ್ಪತ್ತು ಸಾವಿರದ ಫೋನಿಗೆ ಐದು ರೂಪಾಯಿ ಬಿಸ್ಕತ್ತಿನಷ್ಟೂ ಶಿಸ್ತು ಬೇಡವೇ? ಮೇಲ್ದರ್ಜೆಯ ಕೆಲವು ಫೋನಿನವರು ಏಳು ವರ್ಷ ಎಂದು ಈಗ ಮಾತು ಕೊಡುತ್ತಿದ್ದಾರೆ. ಮೆಚ್ಚಬೇಕಾದ್ದೇ. ಆದರೆ ಅದು ಲಕ್ಷ ರೂಪಾಯಿ ಹತ್ತಿರದವರ ಭಾಗ್ಯ. ಸಾಲದ ಕಂತಿನಲ್ಲಿ ಹತ್ತು ಸಾವಿರದ ಫೋನು ಕೊಂಡವನಿಗೆ ಕಂತು ತೀರುವ ಮೊದಲೇ ತಲೆನೋವು ಶುರು.

ಕಂಪನಿಯವರ ವಾದವನ್ನೂ ಕೇಳಬೇಕು. ಅಂಟು ಹಾಕದಿದ್ದರೆ ಫೋನಿಗೆ ನೀರು ಹೋಗುತ್ತದೆ, ಮಳೆಯಲ್ಲಿ ನೆನೆದ ಫೋನು ಬದುಕುವುದು ಆ ಅಂಟಿನಿಂದಲೇ ಅನ್ನುತ್ತಾರೆ. ಸುಳ್ಳಲ್ಲ. ಕಂಡಕಂಡವರು ಲಿಥಿಯಂ ಬ್ಯಾಟರಿ ಕೆದಕಿದರೆ ಬೆಂಕಿ ಹತ್ತುತ್ತದೆ ಅನ್ನುತ್ತಾರೆ. ಅದೂ ಸುಳ್ಳಲ್ಲ. ಡೂಪ್ಲಿಕೇಟ್ ಬ್ಯಾಟರಿಯ ಹಾವಳಿ ಗಾಂಧಿನಗರದಲ್ಲಿ ಓಡಾಡಿದವರಿಗೆಲ್ಲ ಗೊತ್ತು. ಆದರೆ ಡೂಪ್ಲಿಕೇಟ್ ಹುಟ್ಟುವುದು ಏಕೆ? ಅಸಲಿ ಸಿಗದೆ. ಅಸಲಿ ಬ್ಯಾಟರಿಯನ್ನು ನ್ಯಾಯದ ಬೆಲೆಗೆ ಯಾರು ಕೇಳಿದರೂ ಕೊಡಿ, ಬಿಚ್ಚುವ ವಿಧಾನ ಅಚ್ಚು ಹಾಕಿ ಕೊಡಿ, ಆಮೇಲೆ ಡೂಪ್ಲಿಕೇಟ್ ಬಗ್ಗೆ ಉಪದೇಶ ಮಾಡಿ. ಸ್ಕೂಟರಿನ ಬ್ರೇಕು ಕೂಡ ಪ್ರಾಣಕ್ಕೆ ಸಂಬಂಧಪಟ್ಟದ್ದೇ. ಅದರ ಬ್ರೇಕ್ ಶೂ ಜೆ.ಸಿ. ರಸ್ತೆಯಲ್ಲಿ ಯಾರು ಬೇಕಾದರೂ ಕೊಳ್ಳಬಹುದು, ಯಾವ ಗ್ಯಾರೇಜಿನಲ್ಲಿ ಬೇಕಾದರೂ ಹಾಕಿಸಬಹುದು.

ಇನ್ನೊಂದು ವಾದದಲ್ಲಿ ಮಾತ್ರ ತೂಕವಿದೆ. ಫೋನು ಕೊಟ್ಟರೆ ಅದರೊಳಗಿನ ಫೋಟೋ, ಮಾತುಕತೆ, ಬ್ಯಾಂಕು ಎಲ್ಲ ರಿಪೇರಿಯವನ ಕೈಗೆ ಕೊಟ್ಟಂತೆ. ಹೆಣ್ಣುಮಕ್ಕಳು ಕೆಟ್ಟ ಫೋನನ್ನು ರಿಪೇರಿಗೆ ಕೊಡಲು ಹೆದರಿ ಡ್ರಾಯರಿನಲ್ಲಿ ಇಟ್ಟಿರುವ ಮನೆಗಳು ಬೇಕಾದಷ್ಟು. "ಪ್ಯಾಟರ್ನ್ ಹೇಳಿ ಮೇಡಂ" ಎಂದು ಅಂಗಡಿಯಾತ ಸಲೀಸಾಗಿ ಕೇಳುತ್ತಾನೆ, ಚೀಟಿಯ ಮೇಲೆ ಬರೆದೂ ಇಡುತ್ತಾನೆ. ಇದು ನಿಲ್ಲಬೇಕು. ಕೆಲವು ಫೋನುಗಳಲ್ಲಿ ಈಗ ರಿಪೇರಿಗೆಂದೇ ಒಂದು ಮೋಡ್ ಇದೆ, ಅದನ್ನು ಹಾಕಿಕೊಟ್ಟರೆ ಖಾಸಗಿ ವಿಷಯ ಕಾಣುವುದಿಲ್ಲ. ಅಂಗಡಿಯವರೇ ಇದನ್ನು ಗಿರಾಕಿಗೆ ಹೇಳಿಕೊಟ್ಟರೆ ಅವರ ವ್ಯಾಪಾರಕ್ಕೇ ಒಳ್ಳೆಯದು. ಒಂದು ರಸೀದಿ, ಫೋನಿನ ಐಎಂಇಐ ನಂಬರು, ಹಾಕಿದ ಭಾಗ ಅಸಲಿಯೋ ಅಲ್ಲವೋ ಎಂಬ ಒಂದು ಸಾಲು, ಮೂರು ತಿಂಗಳ ಗ್ಯಾರಂಟಿ. ಇಷ್ಟು ಬರೆದುಕೊಡುವ ಅಂಗಡಿಯನ್ನು ಜನ ಹುಡುಕಿಕೊಂಡು ಬರುತ್ತಾರೆ.

ಸರ್ಕಾರ ಏನೂ ಮಾಡಿಲ್ಲ ಎಂದರೆ ತಪ್ಪಾದೀತು. ಅರ್ಧ ಮಾಡಿ ಕೂತಿದೆ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನ, ಒಂದು ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ವಾಹನ, ಮನೆಬಳಕೆಯ ಸಾಮಾನು, ಮೊಬೈಲು, ಈ ನಾಲ್ಕು ಬಗೆಯ ವಸ್ತುಗಳ ರಿಪೇರಿ ಮಾಹಿತಿ ಅಲ್ಲಿ ಸಿಗಬೇಕು ಎಂಬ ಆಸೆ. ಆದರೆ ಪೋರ್ಟಲ್ ಅನ್ನೋದು ಕಾನೂನಲ್ಲ. ಮಾಹಿತಿ ಕೊಡದ, ಬಿಡಿಭಾಗ ಮಾರದ ಕಂಪನಿಯ ಕಿವಿ ಹಿಂಡುವ ಶಕ್ತಿ ಅದಕ್ಕಿಲ್ಲ. 2024ರ ಸೆಪ್ಟೆಂಬರಿನಲ್ಲಿ ಇನ್ನೊಂದು ಸಮಿತಿಯಾಯಿತು. ಫೋನು, ಟ್ಯಾಬ್ಲೆಟ್ಟುಗಳಿಗೆ ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂಬುದಕ್ಕೆ ಅಂಕ ಕೊಡುವ ಪದ್ಧತಿ ಬೇಕೆಂದು ಅದು 2025ರ ಮೇ ಹೊತ್ತಿಗೆ ವರದಿ ಕೊಟ್ಟಿತು. ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಸಿಗುತ್ತದೆಯೇ, ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ಕಾಲ, ಇವನ್ನೆಲ್ಲ ಲೆಕ್ಕ ಹಾಕಿ ಐದರಲ್ಲಿ ಇಷ್ಟು ಎಂದು ಅಂಕ. ಫ್ರಿಡ್ಜಿನ ಮೇಲೆ ಕರೆಂಟು ಉಳಿತಾಯದ ನಕ್ಷತ್ರ ಅಂಟಿಸಿರುತ್ತಾರಲ್ಲ, ಹೆಚ್ಚು ಕಡಿಮೆ ಹಾಗೆ.

ಬುದ್ಧಿವಂತಿಕೆಯ ಮಾತು. ಫ್ರಾನ್ಸ್ 2021ರ ಜನವರಿಯಿಂದಲೇ ಇಂಥ ಅಂಕ ಜಾರಿಗೆ ತಂದಿತ್ತು. ಯೂರೋಪಿನವರು ಅಲ್ಲಿಗೂ ನಿಲ್ಲಲಿಲ್ಲ. 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಹೊಸ ಫೋನಿನ ಬ್ಯಾಟರಿ 800 ಸುತ್ತಿನ ಮೇಲೂ ನೂರಕ್ಕೆ ಎಂಬತ್ತು ಪಾಲು ಚಾರ್ಜು ಹಿಡಿಯಬೇಕು. ಆ ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗ ಸಿಗಬೇಕು. ಬಳಕೆದಾರನೇ ಬ್ಯಾಟರಿ ತೆಗೆದು ಹಾಕುವಂತಿರಬೇಕು ಎಂಬ ನಿಯಮಕ್ಕೆ 2027ರ ಫೆಬ್ರವರಿ 18ರ ದಿನ ಗೊತ್ತುಮಾಡಿದರು, ಕೆಲವು ವಿನಾಯಿತಿಗಳೊಂದಿಗೆ. ಇದೇ ಕಂಪನಿಗಳು ಅಲ್ಲಿ ತಲೆಬಾಗಿ ಒಪ್ಪಿವೆ. ಪ್ಯಾರಿಸ್ಸಿನ ಗಿರಾಕಿಗೆ ಏಳು ವರ್ಷ ಬಿಡಿಭಾಗ ಇಟ್ಟುಕೊಡಲು ಆಗುತ್ತದೆ, ಬಾಪೂಜಿನಗರದ ಗಿರಾಕಿಗೆ ಆಗುವುದಿಲ್ಲವೇ?

ಅದೂ ಫೋನು ಎಲ್ಲೋ ಚೀನಾದಲ್ಲಿ ಆಗುತ್ತದೆ ಎಂಬ ನೆಪವೂ ಈಗ ಉಳಿದಿಲ್ಲ. ಕೋಲಾರದ ನರಸಾಪುರದಲ್ಲಿ ಐಫೋನು ಜೋಡಿಸುವ ಕಾರ್ಖಾನೆ ಇದೆ, 2023ರಲ್ಲಿ ಅದು ಟಾಟಾದವರ ಕೈಗೆ ಬಂತು. 2025ರಲ್ಲಿ ದೇವನಹಳ್ಳಿಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲೂ ಜೋಡಣೆ ಶುರುವಾಯಿತು. ನೆಲ ಕೊಟ್ಟಿದ್ದೇವೆ, ನೀರು ಕೊಟ್ಟಿದ್ದೇವೆ, ದುಡಿಯುವ ಹೆಣ್ಣುಮಕ್ಕಳನ್ನು ಕೊಟ್ಟಿದ್ದೇವೆ. ದಿನಕ್ಕೆ ಸಾವಿರಾರು ಬ್ಯಾಟರಿಗಳನ್ನು ಕೂರಿಸುವ ಊರಿನಿಂದ ಒಂದು ಗಂಟೆ ಎರಡು ಗಂಟೆ ದಾರಿಯಲ್ಲಿ ಒಂದು ಬ್ಯಾಟರಿ ಬಿಡಿಯಾಗಿ ಸಿಗದು ಎಂದರೆ ಅದನ್ನು ಯಾವ ಬಾಯಲ್ಲಿ ಹೇಳುವುದು?

ತೆರಿಗೆಯವರ ಲೆಕ್ಕವೂ ಸೊಟ್ಟವೇ. 2020ರ ಏಪ್ರಿಲ್‌ನಿಂದ ಹೊಸ ಫೋನಿಗೆ ಶೇ. 18 ಜಿಎಸ್‌ಟಿ. ರಿಪೇರಿಯ ಬಿಲ್ಲಿಗೂ ಶೇ. 18. ಇದ್ದುದನ್ನು ಉಳಿಸಿಕೊಳ್ಳುವವನಿಗೂ ಎಸೆದು ಹೊಸದು ಕೊಳ್ಳುವವನಿಗೂ ಒಂದೇ ತಕ್ಕಡಿ. ರಿಪೇರಿಗೆ ಶೇ. 5 ಮಾಡಿದರೆ ಖಜಾನೆ ಮುಳುಗುವುದಿಲ್ಲ. ಬಿಲ್ಲಿಲ್ಲದೆ ನಡೆಯುವ ವ್ಯಾಪಾರವೂ ಬಿಲ್ಲಿಗೆ ಬಂದೀತು.

ಎಸೆದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಮೈಸೂರು ರಸ್ತೆಯಲ್ಲಿ ಒಂದೆರಡು ಸ್ಟಾಪು ಮುಂದೆ ಹೋದರೆ ನಾಯಂಡಹಳ್ಳಿ. ಊರಿನ ಪ್ಲಾಸ್ಟಿಕ್ಕಿನ ರದ್ದಿ ಮೂಟೆಮೂಟೆಯಾಗಿ ಬಂದು ಬೀಳುವ ಜಾಗ. ಗೌರಿಪಾಳ್ಯದ ಗಲ್ಲಿಗಳಲ್ಲಿ ಹಳೆಯ ಕಂಪ್ಯೂಟರು, ಫೋನು ಬಿಚ್ಚಿ ತಾಮ್ರ ಆರಿಸುವ ಕೈಗಳಿವೆ. ಆ ಕೈಗಳಿಗೆ ಗ್ಲೌಸಿಲ್ಲ. ಪಕ್ಕದಲ್ಲೇ ವೃಷಭಾವತಿ, ಅದರ ಬಣ್ಣ ವಾಸನೆಯ ಬಗ್ಗೆ ಬರೆಯದ ಪತ್ರಿಕೆಯಿಲ್ಲ. ಇ-ತ್ಯಾಜ್ಯದ ಹೊಸ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು, ತಯಾರಕರೇ ಹಳೆಯ ಸಾಮಾನಿನ ವಿಲೇವಾರಿಯ ಹೊಣೆ ಹೊರಬೇಕು ಎನ್ನುತ್ತದೆ. ಒಳ್ಳೆಯದು. ಆದರೆ ಸುಡುಗಾಡಿನ ವ್ಯವಸ್ಥೆಗೆ ಇಷ್ಟು ನಿಯಮ ಮಾಡಿದವರು ಆಸ್ಪತ್ರೆಯ ಬಗ್ಗೆ ಒಂದು ನಿಯಮ ಮಾಡಬಹುದಿತ್ತು.

ಅಲ್ಲಿಯವರೆಗೆ ಜನ ಮಾಡಬಹುದಾದ್ದು ಸ್ವಲ್ಪ ಇದೆ. ಬಿಲ್ಲು ಕೇಳಿ ಪಡೆಯಬೇಕು. ಬಿಲ್ಲು ಕೊಡದಿರುವುದೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರವೇ. ಗ್ಯಾರಂಟಿ ಅವಧಿಯಲ್ಲಿ ಸತಾಯಿಸಿದರೆ 1915ಕ್ಕೆ ಫೋನು ಮಾಡಿ ದೂರು ಬರೆಸಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಹಳೆಯ ಫೋನು ಕೊಳ್ಳುವವರು ಸ್ಟಾರ್ ಹ್ಯಾಷ್ 06 ಹ್ಯಾಷ್ ಒತ್ತಿ ಹದಿನೈದು ಅಂಕಿಯ ಐಎಂಇಐ ನೋಡಿಕೊಂಡು, ಕೆವೈಎಂ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಆ ನಂಬರು ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳಿಸಿದರೆ ಕದ್ದ ಮಾಲೋ ಅಲ್ಲವೋ ತಿಳಿಯುತ್ತದೆ. ಬಸ್ಸಿನಲ್ಲಿ ಫೋನು ಕಳೆದುಕೊಂಡವರು ಪೊಲೀಸರಿಗೆ ದೂರು ಕೊಟ್ಟು, 2023ರ ಮೇನಲ್ಲಿ ಬಂದ ಸಂಚಾರ್ ಸಾಥಿಯಲ್ಲಿ ಫೋನನ್ನು ಬಂದ್ ಮಾಡಿಸಬಹುದು.

ಅಂಗಡಿಯವರು ಮಾಡಬಹುದಾದ್ದೂ ಒಂದಿದೆ. ಹಬ್ಬದ ಸೀಸನ್ನಿನಲ್ಲಿ ಫೋನು ಕೊಳ್ಳಲು ಬರುವ ಗಿರಾಕಿಗೆ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಹೇಳುವ ಮುಂಚೆ ಬ್ಯಾಟರಿ ಬದಲಾಯಿಸಲು ಎಷ್ಟಾಗುತ್ತದೆ, ಅಪ್‌ಡೇಟ್ ಎಷ್ಟು ವರ್ಷ ಎಂದು ಹೇಳಲಿ. ಕಂಪನಿಯ ಸೇಲ್ಸಿನವನಿಗೆ ಅದೇ ಪ್ರಶ್ನೆ ಹಾಕಲಿ. ಸಾವಿರ ಅಂಗಡಿಯಿಂದ ಒಂದೇ ಪ್ರಶ್ನೆ ಹೋದರೆ ಉತ್ತರ ಬಂದೇ ಬರುತ್ತದೆ, ಏಕೆಂದರೆ ಅವರ ಟಾರ್ಗೆಟ್ಟು ಮುಟ್ಟಿಸುವುದು ಇದೇ ಅಂಗಡಿಗಳು.

ಪಾಲಿಕೆಯವರೂ ಕಸದ ಗಾಡಿಯಲ್ಲಿ ಹಳೆಯ ಬ್ಯಾಟರಿಗೆ ಬೇರೆ ಡಬ್ಬ ಇಡಲಿ. ಬಿಬಿಎಂಪಿ ಹೋಗಿ 2025ರಲ್ಲಿ ಐದು ಪಾಲಿಕೆ ಬಂದದ್ದಕ್ಕೆ ಅಷ್ಟಾದರೂ ಗುರುತು ಕಾಣಲಿ. ಆದರೆ ನಿಜವಾದ ಕೀಲಿ ದೆಹಲಿಯಲ್ಲಿದೆ. ಅಂಕ ಕೊಡುವ ವರದಿ ಇಲಾಖೆಯ ಕೈ ಸೇರಿದೆ. ವರದಿಯನ್ನು ಕಾನೂನು ಮಾಡುವುದು, ಅದಕ್ಕೆ ಬಿಡಿಭಾಗ ಮಾರಲೇಬೇಕೆಂಬ ಒಂದು ಕಲಮು ಸೇರಿಸುವುದು, ಇಷ್ಟೇ ಬಾಕಿ ಕೆಲಸ. 2024ರ ಜೂನಿನಲ್ಲಿ ಗ್ರಾಹಕ ವ್ಯವಹಾರಗಳ ಖಾತೆ ವಹಿಸಿಕೊಂಡವರು ಧಾರವಾಡದ ಸಂಸದ ಪ್ರಹ್ಲಾದ ಜೋಶಿ. ವರದಿ ಬಂದದ್ದೂ ಅವರ ಕಾಲದಲ್ಲೇ. ದೀಪಾಂಜಲಿ ನಗರದ ವರ್ತಕರು, ನಿವಾಸಿಗಳ ಸಂಘದವರು ಒಂದು ಅರ್ಜಿ ಬರೆದು ಕಳಿಸಲಿ. ಇಂಗ್ಲಿಷಿಗಾಗಿ ಯಾರನ್ನೂ ಹುಡುಕಬೇಕಾಗಿಲ್ಲ, ಕನ್ನಡದಲ್ಲೇ ಬರೆಯಬಹುದು.